ಪಿತ್ತಕೋಶಕ್ಕೆ ನಾಲ್ಕು ಕಾಜಾ

ನಮ್ಮ ಬೀದಿಯಲ್ಲಿ ನನ್ನ ಸಿಟ್ಟಿಗೊಂದು ವೇಳಾಪಟ್ಟಿ ಇತ್ತು. ಬೆಳಿಗ್ಗೆ ಹನ್ನೊಂದರೊಳಗೆ ಬಂದವರು ಅಳತೆ ಕೊಟ್ಟು, ನಾಲ್ಕು ಮಾತಾಡಿ, ನಗುನಗುತ್ತ ಹೋಗುತ್ತಿದ್ದರು. ಮಧ್ಯಾಹ್ನದ ಊಟ ಆದಮೇಲೆ ಬಂದವರು ಬಾಗಿಲಲ್ಲೇ ನಿಂತು ನನ್ನ ಹೆಂಡತಿಯನ್ನು ಕಣ್ಣಲ್ಲೇ ‘ಈಗ ಹೇಗೆ?’ ಎಂದು ಕೇಳುತ್ತಿದ್ದರು. ಅವಳು ತಲೆ ಅಡ್ಡಡ್ಡ ಆಡಿಸಿದರೆ ಬಂದ ಹಾಗೇ ವಾಪಸ್ಸು. ಈ ಏರ್ಪಾಟು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬೀದಿಯವರು ನನ್ನನ್ನು ‘ಪಿತ್ತಮಾಸ್ಟ್ರು’ ಅನ್ನುತ್ತಾರೆಂಬುದು ಮಾತ್ರ ಮೊದಲಿಂದ ಗೊತ್ತಿತ್ತು. ಪಿತ್ತ ನೆತ್ತಿಗೇರಿದ ದರ್ಜಿ ಎಂದು ಅದರ ಅರ್ಥ. ನಾನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಿದ್ದೆ. ಸಿಟ್ಟಿಲ್ಲದ ದರ್ಜಿ ಇವತ್ತು ಕಾಲಿಂಚು, ನಾಳೆ ಅರ್ಧ ಇಂಚು ಅಂತ ಬಿಟ್ಟುಕೊಡುತ್ತ ಹೋಗಿ ಕೊನೆಗೆ ದಿಂಬಿನ ಕವರು ಹೊಲಿಯುತ್ತ ಕೂರುತ್ತಾನೆ ಎಂದು ನಂಬಿದ್ದೆ.

ನಮ್ಮದು ಉದ್ದನೆಯ, ಕಿರಿದಾದ ಅಂಗಡಿ. ನಡುವೆ ಬಟ್ಟೆ ಕತ್ತರಿಸುವ ಮೇಜು. ಅದರ ಈಚೆಗೆ ನನ್ನ ಮಿಷಿನ್, ಆಚೆಗೆ ಅವಳದು, ಎದುರುಬದುರು. ಕೋಟು, ಪ್ಯಾಂಟು ನನ್ನ ಪಾಲು. ಕಾಲರು ಮತ್ತು ಕಾಜಾ ಅವಳ ಪಾಲು. ಗುಂಡಿ ತೂರುವ ಆ ಸಣ್ಣ ಸೀಳು ಇದೆಯಲ್ಲ, ಅದನ್ನು ಅವಳ ಹಾಗೆ ಕಟ್ಟುವವರನ್ನು ನಾನು ಇನ್ನೂ ನೋಡಿಲ್ಲ. ಇದನ್ನು ಮೂವತ್ತೊಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ, ಅದು ಬೇರೆ ಮಾತು.

ಒಂದು ಮಧ್ಯಾಹ್ನ ಶಾಲೆಯ ಸಂಗೀತ ಮೇಷ್ಟ್ರ ಕೋಟಿಗೆ ತೋಳು ಕತ್ತರಿಸುತ್ತಿದ್ದೆ. ಬಲಪಕ್ಕೆಯ ಕೆಳಗೆ ಎಂದಿನ ಹಾಗೆ ಹಿಂಡುವುದು ಶುರುವಾಗಿತ್ತು. ಊಟಕ್ಕೆ ಎಣ್ಣೆಯಲ್ಲಿ ಕರಿದದ್ದನ್ನು ತಿಂದರೆ ಹಾಗಾಗುತ್ತಿತ್ತು. ಗ್ಯಾಸು ಎಂದುಕೊಂಡು ಕಾಲ ತಳ್ಳುತ್ತಿದ್ದೆ. ಕತ್ತರಿಸಿದ ಎರಡು ತೋಳನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಎರಡೂ ಎಡತೋಳು. ಒಂದನ್ನು ಕತ್ತರಿಸಿದ ಮೇಲೆ ಬಟ್ಟೆಯನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಲು ಮರೆತಿದ್ದೆ. ಕೆಲಸ ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಆ ಬಟ್ಟೆ ಇನ್ನೊಂದು ಗೇಣೂ ಉಳಿದಿರಲಿಲ್ಲ.

ಅಷ್ಟರಲ್ಲೇ ಸಂಗೀತ ಮೇಷ್ಟ್ರು ಬಂದು ನಿಂತರು. ಎದುರಿನ ಕ್ಷೌರದಂಗಡಿಯವನೂ ಬಾಗಿಲಲ್ಲಿದ್ದ. ನಾನು ಹೆಂಡತಿಯ ಕಡೆ ತಿರುಗಿ ಕೂಗಿದೆ. “ಬಟ್ಟೆ ಮಡಚಿಟ್ಟವಳು ನೀನು! ಒಳಮೈ ಯಾವುದು, ಹೊರಮೈ ಯಾವುದು ಅಂತ ತಿಳಿಯದವಳಿಗೆ ಮಿಷಿನ್ ಯಾಕೆ? ಮನೇಲಿ ಕೂತ್ಕೊ!”

ಅವಳು ಬಟ್ಟೆ ಮುಟ್ಟಿಯೇ ಇರಲಿಲ್ಲ. ಆದರೂ ಎದ್ದಳು. ಕತ್ತಿನಲ್ಲಿದ್ದ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿದಳು. ಆಮೇಲೆ ಕ್ಷೌರದಂಗಡಿಯವನನ್ನು ಕೇಳಿದಳು: “ನಿಮ್ಮ ಅಂಗಡಿ ಮೇಲಿನ ರೂಮು ಇನ್ನೂ ಖಾಲಿ ಇದೆಯಾ?”

“ಇದೆಯಲ್ಲಕ್ಕಾ,” ಎಂದ ಅವನು, ನನ್ನ ಮುಖ ನೋಡಿ ಅರ್ಧ ನುಂಗುತ್ತ.

“ಯಾರಿಗೂ ಕೊಡಬೇಡಿ.”

ನಾನು ಇನ್ನೇನೋ ಕೂಗಲು ಬಾಯಿ ತೆರೆದೆ. ಮಾತಿನ ಬದಲು ನರಳಾಟ ಬಂತು. ಎರಡೂ ಎಡತೋಳುಗಳ ಮೇಲೆ ಬೋರಲು ಬಿದ್ದೆ.

ನಮ್ಮ ಮಗಳು ನರ್ಸು. ಸ್ಕ್ಯಾನಿನ ವರದಿಯನ್ನು ಅವಳೇ ಓದಿದಳು. “ಪಿತ್ತಕೋಶದ ತುಂಬ ಕಲ್ಲು ಅಪ್ಪಾ. ತೆಗೆಸಲೇಬೇಕು.”

ಈ ಸುದ್ದಿ ಬೀದಿಯಲ್ಲಿ ಹರಡಿದ ರೀತಿಯೇ ಬೇರೆ. ಕಾಯಿಲೆಯೆಂದರೆ ಜನ ಅಯ್ಯೋ ಅನ್ನಬೇಕು ತಾನೆ? ಎಲ್ಲರೂ “ಓ, ಅದಕ್ಕೇ!” ಎಂದರು. ಪಿತ್ತಮಾಸ್ಟ್ರ ಪಿತ್ತದ ಚೀಲ ಕೊನೆಗೂ ಸಿಕ್ಕಿತು, ಅದನ್ನು ಕಿತ್ತು ಬಿಸಾಕಿದರೆ ಬೀದಿಗೆ ಬಿಡುಗಡೆ! ಕ್ಷೌರದಂಗಡಿಯವನಂತೂ ತನಗೇ ಕೆಲಸ ಸಿಕ್ಕಿದವನ ಹಾಗೆ ಕತ್ತಿ ಮಸೆಯುತ್ತ ನಗುತ್ತಿದ್ದ. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಹಾಸಿಗೆಯ ಪಕ್ಕ ಕೂತು ನಿಧಾನವಾಗಿ ಹೇಳಿದಳು: “ಹೋಗಲಿ ಅದು. ಅದು ಹೋದಮೇಲೂ ನೀವು ಹೀಗೇ ಇದ್ದರೆ ನನ್ನ ಮಿಷಿನ್ ಎದುರಂಗಡಿ ಮೇಲಿನ ರೂಮಿಗೆ ಹೋಗುತ್ತೆ. ಮನೇಲಿ ಊಟ ಹಾಕ್ತೀನಿ. ಅಂಗಡೀಲಿ ಮಾತ್ರ ನಿಮ್ಮ ಎದುರು ಕೂರಲ್ಲ.”

ಅವಳು ಕೂಗಿ ಹೇಳಿದ್ದರೆ ನಾನೂ ಕೂಗುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದಳಲ್ಲ, ಅದಕ್ಕೆ ಹೆದರಿದೆ. ಅವಳಿಲ್ಲದ ಆ ಮೇಜನ್ನು ನೆನೆಸಿಕೊಂಡರೆ ಪಕ್ಕೆಯ ನೋವೇ ವಾಸಿ ಅನಿಸಿತು.

ಸರಿ, ತೆಗೆಸುವುದು ಹೇಗೆ? ಮಗಳು ಹೇಳಿದ ಪ್ರಕಾರ ಈಗ ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಕಾಲ ಹೋಗಿದೆ. ಸಣ್ಣ ತೂತು ಮಾಡಿ, ಒಳಗೆ ಗಾಳಿ ತುಂಬಿ, ಕ್ಯಾಮೆರಾ ಇಳಿಸಿ, ಟಿವಿಯಲ್ಲಿ ನೋಡುತ್ತ ತೆಗೆಯುತ್ತಾರೆ. ಅದರಲ್ಲೂ ಮೂರು ಬಗೆ. ನಾಲ್ಕು ತೂತಿನದು; ಹೊಕ್ಕುಳಲ್ಲೇ ಒಂದು ತೂತು ಮಾಡಿ ಎಲ್ಲವನ್ನೂ ಅದರಲ್ಲೇ ತೂರಿಸುವುದು; ರೋಬೋಟಿನದು.

ಕ್ಷೌರದಂಗಡಿಯವನು ಹೋದ ವರ್ಷವಷ್ಟೇ ಒಂದು ತೂತಿನಲ್ಲಿ ಮಾಡಿಸಿಕೊಂಡಿದ್ದ. ಯಾರಾದರೂ ಕೇಳಲಿ, ಕೇಳದಿರಲಿ, ಅಂಗಿ ಎತ್ತಿ ಹೊಕ್ಕುಳು ತೋರಿಸುವುದು ಅವನ ಅಭ್ಯಾಸವಾಗಿತ್ತು. “ನೋಡಿ ಮಾಸ್ಟ್ರೇ, ಗುರುತು ಸಿಗುತ್ತಾ? ಸಿಗಲ್ಲ!” ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕನ್ನಡಿಯಲ್ಲೇ ಆ ಹೊಕ್ಕುಳನ್ನು ನೋಡಿ ತಲೆಯಾಡಿಸಿದ. ಆಡಿಸದೆ ಏನು ಮಾಡುತ್ತಾನೆ, ಕತ್ತಿ ಇದ್ದದ್ದು ಇವನ ಕೈಯಲ್ಲಿ.

ನಾನು ನೋಡದೆ, ಅಳೆಯದೆ ನಂಬುವವನಲ್ಲ. ಬಟ್ಟೆ ಕತ್ತರಿಸುವ ಮೊದಲು ಬರೆಯುವ ಹಾಗೆ ಖಾಕಿ ಕಾಗದ ಹರಡಿ ನನ್ನ ಹೊಟ್ಟೆಯ ಡ್ರಾಫ್ಟನ್ನೇ ಬರೆದೆ. ಎದೆಗೂಡಿನ ಕೆಳಗಿಂದ ಸೊಂಟದವರೆಗೆ, ನಿಜವಾದ ಅಳತೆ. ನಾಲ್ಕು ತೂತಿನದಕ್ಕೆ ಹೊಕ್ಕುಳಲ್ಲೊಂದು, ಎದೆಮೂಳೆಯ ಕೆಳಗೊಂದು, ಎರಡೂ ಒಂದೊಂದು ಸೆಂಟಿಮೀಟರ್. ಬಲಪಕ್ಕೆಯ ಕೆಳಗೆ ಅದರಲ್ಲರ್ಧ ಅಳತೆಯ ಎರಡು. ಇನ್ನೊಂದು ಕಾಗದದಲ್ಲಿ ಹೊಕ್ಕುಳಲ್ಲೇ ಎರಡೂವರೆ ಸೆಂಟಿಮೀಟರಿನ ಒಂದೇ ಸೀಳು. ಮೂರನೆಯದರಲ್ಲಿ ರೋಬೋಟಿನ ನಾಲ್ಕು, ಹೊಟ್ಟೆಯ ಅಡ್ಡಕ್ಕೆ ಸಾಲಾಗಿ. ಮೂರನ್ನೂ ಗೋಡೆಗೆ ನೇತುಹಾಕಿದೆ. ಗಿರಾಕಿಯೊಬ್ಬರು ಬಂದು ಬಹಳ ಹೊತ್ತು ನೋಡಿ, “ಈ ವೇಸ್ಟ್‌ಕೋಟಿಗೆ ಗುಂಡಿಯೆಲ್ಲ ಬಲಗಡೆ ಯಾಕೆ ಬಂದಿವೆ?” ಎಂದು ಕೇಳಿದರು. ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ನನ್ನ ಕಡೆ ನೋಡದೆ ನಕ್ಕಳು.

ಮೊದಲು ಹೋದದ್ದು ಒಂದು ತೂತಿನ ಡಾಕ್ಟರ ಹತ್ತಿರ. ಚಿಕ್ಕ ವಯಸ್ಸು, ಒಳ್ಳೆಯ ಶರಟು, ಹೆಗಲ ಹೊಲಿಗೆ ಸೂಜಿಯಷ್ಟೂ ಆಚೀಚೆ ಇಲ್ಲ. ನನಗೆ ಆಗಲೇ ಅರ್ಧ ಮನಸ್ಸು ಕರಗಿತ್ತು.

“ಒಂದೇ ಕಾಜಾದಲ್ಲಿ ಮೂರು ಗುಂಡಿ ತೂರಿಸಿದ ಹಾಗಲ್ಲವೇ ಇದು?” ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಹೆಚ್ಚೂಕಡಿಮೆ ಹಾಗೇ. ಸಲಕರಣೆ ಒಂದಕ್ಕೊಂದು ತಾಗುತ್ತೆ, ಕೈ ಅಡ್ಡಡ್ಡ ಬರುತ್ತೆ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತೆ. ಆದರೆ ಗಾಯದ ಗುರುತು ಹೊಕ್ಕುಳಲ್ಲಿ ಮುಚ್ಚಿಹೋಗುತ್ತೆ.”

“ಸೀಳು ದೊಡ್ಡದಾದರೆ ಜಗ್ಗುವುದೂ ಜಾಸ್ತಿ. ಆಮೇಲೆ ಬಿಟ್ಟುಕೊಂಡರೆ?”

ಅವರು ನನ್ನ ಹೊಟ್ಟೆಯನ್ನು ನೋಡಿದರು. ಮೇಜಿನ ಅಂಚಿಗೆ ಒತ್ತಿ ಒತ್ತಿ ಬೆಳೆಸಿದ ಹೊಟ್ಟೆ. “ಆ ಜಾಗದಲ್ಲಿ ಹರ್ನಿಯಾ ಆಗೋ ಸಾಧ್ಯತೆ ನಾಲ್ಕು ತೂತಿಗಿಂತ ಸ್ವಲ್ಪ ಹೆಚ್ಚು. ನಿಮಗೆ… ಗುರುತು ಕಾಣಬಾರದು ಅಂತ ಬಹಳ ಇದೆಯಾ?”

“ನನ್ನ ಹೊಟ್ಟೆ ನೋಡೋರು ಯಾರಪ್ಪಾ?” ಎಂದು ನಾನು ಗುಡುಗಿದೆ. ಬೆಳಿಗ್ಗೆ ಹತ್ತೂವರೆ, ವೇಳಾಪಟ್ಟಿಯ ಪ್ರಕಾರ ಗುಡುಗುವ ಹೊತ್ತೂ ಆಗಿರಲಿಲ್ಲ. ಹೆಂಡತಿ ಕಿಟಕಿಯ ಆಚೆ ನೋಡುತ್ತ ಕೂತಳು. ನಾಲಿಗೆ ಕಚ್ಚಿಕೊಂಡೆ.

ರೋಬೋಟಿನ ಆಸ್ಪತ್ರೆಯಲ್ಲಿ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು. ನಾಲ್ಕು ಕೈಗಳ ಯಂತ್ರ. ಡಾಕ್ಟರು ದೂರದಲ್ಲಿ ಕೂತು ಕನ್ನಡಕದಂಥ ಗೂಡಿನೊಳಗೆ ಮುಖವಿಟ್ಟು ಬೆರಳಾಡಿಸುತ್ತಾರೆ. ಇಲ್ಲಿ ಉಕ್ಕಿನ ಬೆರಳು ಹಾಗೇ ಆಡುತ್ತದೆ, ನಮ್ಮ ಮಣಿಕಟ್ಟು ತಿರುಗದ ಕಡೆಗೂ ತಿರುಗುತ್ತದೆ. ರಬ್ಬರಿನ ತುಂಡಿನ ಮೇಲೆ ಅದು ಹಾಕಿ ತೋರಿಸಿದ ಹೊಲಿಗೆ! ಬಗ್ಗಿ ಕಣ್ಣು ಕೀಲಿಸಿ ನೋಡಿದೆ. ಒಂದೊಂದು ಗಂಟೂ ಅಕ್ಕಿಕಾಳಿನ ಹಾಗೆ ಸಮ. ಕೈಮುಗಿಯಬೇಕೆನ್ನಿಸಿತು. “ಇದೇ ಆಗಲಿ,” ಎಂದೆ.

“ಆಗಲಿ. ಆದರೆ ಒಂದು ಮಾತು,” ಎಂದರು ಡಾಕ್ಟರು. ಪ್ರಾಮಾಣಿಕ ಮನುಷ್ಯ. “ಪಿತ್ತಕೋಶ ತೆಗೆಯೋವಾಗ ಒಳಗೆ ಹೊಲಿಗೆ ಹೆಚ್ಚುಕಡಿಮೆ ಇರೋದೇ ಇಲ್ಲ. ಸಣ್ಣ ಕೊಳವೆಗೆ ಕ್ಲಿಪ್ ಹಾಕಿ ಕತ್ತರಿಸ್ತೀವಿ. ಕಷ್ಟದ ಹೊಟ್ಟೆಯಾದರೆ ಈ ಮಿಷಿನ್ ಅನುಕೂಲ. ನಿಮ್ಮಂಥ ಸಾಮಾನ್ಯ ಕೇಸಿಗೆ ಇದರಿಂದ ಬೇಗ ವಾಸಿಯಾಗುತ್ತೆ ಅಂತ ನಾನು ಎದೆ ತಟ್ಟಿ ಹೇಳಲ್ಲ.”

“ಹೊಲಿಗೆಯೇ ಇಲ್ಲದ ಕೆಲಸಕ್ಕೆ ಇಷ್ಟು ದೊಡ್ಡ ಮಿಷಿನ್ನಾ?” ನನಗೆ ನಿಜವಾಗಿ ದುಃಖವಾಯಿತು. ದಾರಿಯುದ್ದಕ್ಕೂ ಆ ಗಂಟುಗಳನ್ನೇ ನೆನೆಯುತ್ತ ಬಂದೆ.

ಕೊನೆಯದು ನಾಲ್ಕು ತೂತಿನ ಡಾಕ್ಟರಮ್ಮ. ಐವತ್ತು ದಾಟಿದ ಹೆಂಗಸು, ಗಿಡ್ಡ ಬೆರಳು. ಬಿಳಿ ಕೋಟಿನ ಮೂರನೆಯ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಇವರ ಕೈಗೆ ನನ್ನ ಹೊಟ್ಟೆಯೇ ಎಂದುಕೊಂಡೆ. ನನ್ನನ್ನು ತೂಕ ನೋಡಲು ನರ್ಸು ಕರೆದೊಯ್ದಾಗ ಹೆಂಡತಿ ಸ್ಕ್ಯಾನು ಹಿಡಿದು ಮೊದಲೇ ಒಳಗೆ ಹೋಗಿದ್ದಳು. ನಾನು ಹೋಗುವಷ್ಟರಲ್ಲಿ ಇಬ್ಬರೂ ಯಾವುದೋ ಮಾತಿಗೆ ನಗುತ್ತಿದ್ದರು.

ನಾನು ಖಾರವಾಗಿಯೇ ಕೇಳಿದೆ: “ಎಲ್ಲಿ ಕತ್ತರಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

ಅವರು ಪೆನ್ನು ತೆಗೆದು ಬರೆದರು. ಪಿತ್ತಕೋಶ, ಅದರ ಕತ್ತು, ಅಲ್ಲಿಗೆ ಬರುವ ಒಂದು ಕೊಳವೆ, ಒಂದು ರಕ್ತನಾಳ. “ಇಲ್ಲೇ ಪಕ್ಕದಲ್ಲಿ ದೊಡ್ಡ ಕೊಳವೆ ಇದೆ. ಅದನ್ನ ತಪ್ಪಿ ಕತ್ತರಿಸಿದರೆ ಅನಾಹುತ. ಅದಕ್ಕೇ ಸುತ್ತಲಿನ ಕೊಬ್ಬೆಲ್ಲ ಬಿಡಿಸ್ತೀನಿ. ಪಿತ್ತಕೋಶಕ್ಕೆ ಎರಡೇ ಎರಡು ನಾಳ ಸೇರೋದು ಕಣ್ಣಿಗೆ ಕಾಣಬೇಕು. ಹಿಂದೆ ಯಕೃತ್ತು ಕಾಣಬೇಕು. ಆಮೇಲೆ ಕೈ ನಿಲ್ಲಿಸ್ತೀನಿ. ಜತೆಗಿರೋರನ್ನ ಕೇಳ್ತೀನಿ, ನಿಮಗೂ ಎರಡೇ ಕಾಣ್ತಿದೆಯಾ ಅಂತ. ಅವರೂ ಹೌದು ಅಂದಮೇಲೆ ಕತ್ತರಿ.”

“ಕಾಣದಿದ್ದರೆ?”

“ಕತ್ತರಿಸಲ್ಲ. ಹೊಟ್ಟೆ ತೆರೆದು ನೋಡ್ತೀನಿ. ಇಲ್ಲಾ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಬರ್ತೀನಿ. ಅದಕ್ಕೂ ನೀವು ಮೊದಲೇ ಸಹಿ ಹಾಕಬೇಕು.”

ನನಗೆ ಎರಡು ಎಡತೋಳು ಕಣ್ಣಮುಂದೆ ಬಂದವು. ನಾನು ನಿಲ್ಲಿಸಿರಲಿಲ್ಲ. ಎದುರು ಕೂತವಳನ್ನು ಕೇಳಿರಲಿಲ್ಲ. “ನೀವೇ ಮಾಡಿ,” ಎಂದೆ. ಅವರ ಕೋಟನ್ನು ಬಿಚ್ಚಿಸಿ, ಜೇಬಿನಲ್ಲಿದ್ದ ಸೂಜಿದಾರದಲ್ಲಿ ಗುಂಡಿಯನ್ನು ಅಲ್ಲೇ ಗಟ್ಟಿಮಾಡಿ ಕೊಟ್ಟೆ. ಕೊಡುವಾಗ ಸ್ವಲ್ಪ ಬೈದೆ ಕೂಡ.

ದಿನ ಗೊತ್ತುಮಾಡಲು ಹೆಂಡತಿ ಹೊರಗೆ ಹೋದಳು. ಇದೇ ಸಮಯವೆಂದು ನಾನು ಸ್ವರ ತಗ್ಗಿಸಿದೆ. “ಡಾಕ್ಟರಮ್ಮಾ, ಪಿತ್ತಕೋಶ ಹೋದರೆ ಸಿಟ್ಟೂ ಹೋಗುತ್ತಲ್ಲಾ?”

ಅವರು ತುಟಿ ಬಿಗಿಹಿಡಿದರು. ಆದರೂ ನಗು ಕಣ್ಣಲ್ಲಿ ಬಂತು. “ಪಿತ್ತ ಆಗೋದು ಯಕೃತ್ತಿನಲ್ಲಿ. ಕೋಶ ಬರೀ ಚೀಲ. ಅದು ಹೋದರೂ ಪಿತ್ತ ಇದ್ದೇ ಇರುತ್ತೆ. ನೋವಿರೋರು ಸಿಡುಕೋದು ಸಹಜ. ಆ ನೋವು ಹೋಗುತ್ತೆ. ಉಳಿದದ್ದಕ್ಕೆ ನನ್ನ ಹತ್ತಿರ ಆಪರೇಷನ್ ಇಲ್ಲ.”

ಮೆಟ್ಟಿಲಿಳಿಯುವಾಗ ಹೆಂಡತಿ ಕೇಳಿದಳು, “ಏನಂದರು?”

“ಎಲ್ಲ ಹೋಗುತ್ತಂತೆ,” ಎಂದೆ. “ಬೇರು ಸಮೇತ.”

“ಹೌದಾ,” ಎಂದಳು. ಮೂವತ್ತೊಂದು ವರ್ಷದಲ್ಲಿ ನಾನವಳಿಗೆ ಹೇಳಿದ ದೊಡ್ಡ ಸುಳ್ಳು ಅದು. ಹೇಳಿದ್ದಕ್ಕೆ ತಕ್ಕ ಹಾಗೆ ಇರುವುದೊಂದೇ ಈಗ ಉಳಿದಿದ್ದ ದಾರಿ.

ಆಪರೇಷನ್ನಿಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಎಚ್ಚರವಾದಾಗ ಹೊಟ್ಟೆಗಿಂತ ಬಲಭುಜ ನೋಯುತ್ತಿತ್ತು. ಹೊಟ್ಟೆ ಕೊಯ್ದು ಭುಜ ಯಾಕೆ ಮುರಿದರು ಎಂದು ಕೂಗಬೇಕೆಂದಿದ್ದೆ, ಹೆಂಡತಿ ಪಕ್ಕದಲ್ಲಿದ್ದಳು. “ಭುಜ ಸ್ವಲ್ಪ… ಹಿತವಾಗಿ ನೋಯ್ತಿದೆ,” ಎಂದೆ. ಒಳಗೆ ತುಂಬಿದ ಗಾಳಿಯಿಂದ ಹಾಗಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಎಂದು ಮಗಳು ಹೇಳಿದಳು. ನಾಲ್ಕೂ ಕಡೆ ಪುಟ್ಟ ಪಟ್ಟಿ. ಮಾರನೆಯ ದಿನ ಮನೆಗೆ ಬಂದೆವು. ಆರನೆಯ ದಿನ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ.

ಬೀದಿಯೇ ಬಂದು ನನ್ನನ್ನು ಪರೀಕ್ಷೆ ಮಾಡಿತು. ಮಧ್ಯಾಹ್ನ ಎರಡು ಗಂಟೆಗೆ ಬೇಕೆಂದೇ ಬಂದು, “ಮಾಸ್ಟ್ರೇ, ಈ ಪ್ಯಾಂಟು ಇನ್ನೊಂದು ಸಲ ಬಿಚ್ಚಿ,” ಅನ್ನುವರು. “ಅದಕ್ಕೇನಂತೆ,” ಎಂದು ನಾನು ಹಲ್ಲು ಕಿರಿಯುವೆ. ಮೊದಮೊದಲು ಪ್ರಾಣಸಂಕಟವಾಯಿತು. ಆಮೇಲಾಮೇಲೆ ಊಟವಾದರೂ ಪಕ್ಕೆ ಹಿಂಡದೆ ಇದ್ದಾಗ, ಅರ್ಧಕ್ಕರ್ಧ ಸಿಟ್ಟು ತಾನಾಗಿಯೇ ಬರಲಿಲ್ಲ. ಉಳಿದರ್ಧವನ್ನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ತಡೆದೆ. ಹೀಗೆ ಹತ್ತು ದಿನ.

ಹತ್ತನೆಯ ಮಧ್ಯಾಹ್ನ ಹೆಂಡತಿ ಒಂದು ಶರಟನ್ನು ನನ್ನ ಮುಂದಿಟ್ಟಳು. ಕಾಲರನ್ನು ತಲೆಕೆಳಗು ಜೋಡಿಸಿದ್ದಳು. ಕಾಲರಿನಲ್ಲಿ ಅವಳು ತಪ್ಪುವುದುಂಟೇ? ನನ್ನ ಬೆನ್ನುಹುರಿಯುದ್ದಕ್ಕೂ ಬೆಂಕಿ ಏರಿತು. ಕುರ್ಚಿಯ ಕೈ ಹಿಡಿದೆ.

“ಪರವಾಗಿಲ್ಲ,” ಎಂದೆ.

“ಏನು?”

“ಪರವಾಗಿಲ್ಲ ಅಂದೆ. ಚೆನ್ನಾಗೇ ಇದೆ.”

ಅವಳು ಎದ್ದು ನಿಂತಳು. ಅವಳ ಮೂಗು ಕೆಂಪಾದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. “ಪರವಾಗಿಲ್ಲವಾ? ಕಾಲರು ತಲೆಕೆಳಗಾಗಿದ್ದರೂ ಚೆನ್ನಾಗಿದೆಯಾ? ಕೋಶದಲ್ಲಿ ಸಿಟ್ಟಿರಲ್ಲ ಅಂತ ಡಾಕ್ಟರಮ್ಮ ನನಗೂ ಹೇಳಿದ್ದಾರೆ! ನಿಮಗಿಂತ ಮೊದಲು ಅವರನ್ನ ಕೇಳಿದವಳು ನಾನು!”

ನಾನು ಕಕ್ಕಾಬಿಕ್ಕಿಯಾದೆ. “ಹಾಗಾದರೆ ಇಷ್ಟು ದಿನ…”

“ಇಷ್ಟು ದಿನ ನೋಡ್ತಾ ಇದ್ದೆ. ಒಂದು ದಿನ ತಡೀತಾರೆ, ಎರಡು ದಿನ ತಡೀತಾರೆ ಅಂದುಕೊಂಡೆ. ಹತ್ತು ದಿನ ತಡೆದಿರಿ! ಬೀದಿಯವರೆಲ್ಲ ಸೇರಿ ಕೆಣಕಿದರೂ ತಡೆದಿರಿ!” ಅವಳು ಶರಟನ್ನು ಮೇಜಿಗೆ ಕುಕ್ಕಿದಳು. “ನಿಮ್ಮ ಕೈಲಿ ಆಗಲ್ಲ ಅಂತ ಮೂವತ್ತೊಂದು ವರ್ಷ ಸುಮ್ಮನಿದ್ದೆನಲ್ಲಾ ರೀ. ಪಿತ್ತದ ಮೈ, ಪಾಪ, ಏನು ಮಾಡ್ತಾರೆ ಅಂತ. ಈಗ ನೋಡಿದರೆ ನಿಮಗೆ ಆಗ್ತಿತ್ತು. ಮೊದಲಿಂದಲೂ ಆಗ್ತಿತ್ತು!”

ನಾಲ್ಕು ಗಾಯಗಳಲ್ಲಿ ಒಂದೂ ಹಾಗೆ ನೋಯಿಸಿರಲಿಲ್ಲ. ಆಗ ಬಾಗಿಲಲ್ಲಿ ಯಾರೋ ನಿಂತದ್ದು ಕಂಡಿತು. ಸಂಗೀತ ಮೇಷ್ಟ್ರು, ಹೊಸ ಬಟ್ಟೆಯಲ್ಲಿ ಹೊಲಿದ ಕೋಟು ಒಯ್ಯಲು ಬಂದಿದ್ದವರು. ಎಂದಿನ ಅಭ್ಯಾಸದಂತೆ ಕಣ್ಣಲ್ಲೇ ‘ಈಗ ಹೇಗೆ?’ ಎಂದು ಕೇಳುತ್ತಿದ್ದರು. ಈ ಸಲ ಕೇಳುತ್ತಿದ್ದದ್ದು ನನ್ನನ್ನು.

ನಾನು ಎದ್ದೆ. “ಮೇಷ್ಟ್ರೇ, ಆವತ್ತು ನಿಮ್ಮ ತೋಳು ತಪ್ಪಾಗಿ ಕತ್ತರಿಸಿದ್ದು ನಾನು. ಬಟ್ಟೆ ಮಗುಚೋದು ಮರೆತಿದ್ದೆ. ಇವಳು ಅದನ್ನ ಮುಟ್ಟೂ ಇರಲಿಲ್ಲ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಅದು ನನಗೆ ಆವತ್ತೇ ಗೊತ್ತಿತ್ತು ಮಾಸ್ಟ್ರೇ. ಇಡೀ ಬೀದಿಗೆ ಗೊತ್ತಿತ್ತು. ನಿಮಗೆ ಗೊತ್ತಿದೆಯೋ ಇಲ್ಲವೋ ಅನ್ನೋದು ಮಾತ್ರ ನಮಗೆ ಗೊತ್ತಿರಲಿಲ್ಲ.”

ಅವರು ಹೊಸ ಕೋಟು ತೊಟ್ಟು, ಎರಡು ಕೈಯನ್ನೂ ಎತ್ತಿ ಇಳಿಸಿ, ಸಂತೋಷವಾಗಿ ಹೋದರು. ಅವಳು ಕೂತು ದಾರ ಪೋಣಿಸತೊಡಗಿದಳು. ನಾನು ಆ ಕಾಲರನ್ನು ಎತ್ತಿಕೊಂಡು ಹೊಲಿಗೆ ಬಿಚ್ಚತೊಡಗಿದೆ. ಬಿಚ್ಚುತ್ತ ಬಿಚ್ಚುತ್ತ ಕೊನೆಗೆ ಕೇಳಿಯೇಬಿಟ್ಟೆ. “ಮೇಲಿನ ರೂಮು ಏನಾಯ್ತು?”

“ತಗೊಂಡಾಯ್ತು. ನಿನ್ನೆಯೇ ಬೀಗದಕೈ ಕೊಟ್ಟರು.”

ನನ್ನ ಕೈ ನಿಂತಿತು. ಮೂವತ್ತೊಂದು ವರ್ಷ ಆ ಮೇಜಿನಾಚೆ ತಲೆಬಗ್ಗಿಸಿ ಕೂತ ಹೆಂಗಸನ್ನು ನೋಡಿದೆ. “ಮಿಷಿನ್ ಯಾವಾಗ ಸಾಗಿಸ್ತೀಯ?”

“ಮಿಷಿನ್ ಯಾಕೆ ಸಾಗಿಸಬೇಕು?” ಅವಳು ಬೀಗದಕೈಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು. “ಅಷ್ಟು ಭಾರ ಹೊರೋರು ಯಾರು? ಸಿಟ್ಟು ಬರೋದು ನಿಮಗೆ, ಕಾಲಿರೋದೂ ನಿಮಗೆ. ಬಂದಾಗ ನೀವು ಹತ್ತಿ ಹೋಗಿ ಕೂತಿದ್ದು ಬನ್ನಿ.”

ಮೊದಲ ವಾರ ನಾಲ್ಕು ಸಲ ಹತ್ತಿದೆ. ಹದಿನೇಳು ಮೆಟ್ಟಿಲು, ಕಡಿದಾದವು. ಕ್ಷೌರದಂಗಡಿಯವನು ಪ್ರತಿ ಸಲವೂ ಕತ್ತಿ ನಿಲ್ಲಿಸಿ, “ಮಾಸ್ಟ್ರೇ, ಮೇಲಕ್ಕಾ?” ಎಂದು ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಾನೆ. ಈಗೀಗ ಅರ್ಧ ಹತ್ತುವಷ್ಟರಲ್ಲಿ ಯಾತಕ್ಕೆ ಸಿಟ್ಟು ಬಂತೆಂಬುದೇ ಮರೆತು, ಅವಳು ಒಬ್ಬಳೇ ಕೂತಿದ್ದಾಳಲ್ಲ ಎಂದು ಇಳಿದು ಬರುತ್ತೇನೆ.